ಕೊಳ್ಳ ಹರಿಯುವ ಹೊತ್ತು

ಜನವರಿಯ ಒಂದು ರವಿವಾರ, ಬೆಳಗಿನ ಎಂಟು ಗಂಟೆ. ಚಿಕ್ಕೋಡಿ ತಾಲ್ಲೂಕಿನ ಯಡೂರಿನ ಹತ್ತಿರ, ಕೃಷ್ಣೆಯ ದಂಡೆಗೆ ಹೆಚ್ಚು ದೂರವಲ್ಲದ ಒಂದು ತೋಟದ ಮನೆ. ತಮ್ಮ ಹನ್ನೊಂದು ವರ್ಷದಿಂದ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದಾನೆ. ಕಂಪನಿಯ ಕೆಲಸಕ್ಕೆ ಎರಡು ವಾರ ಬೆಂಗಳೂರಿಗೆ ಬಂದವನು ಶನಿವಾರ ರವಿವಾರ ಕಳೆಯಲು ಅಕ್ಕನ ಮನೆಗೆ ಬಂದಿದ್ದಾನೆ. ಅಕ್ಕ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಾಳೆ. ತಮ್ಮ ಈಗಷ್ಟೇ ಎದ್ದು ಬಂದು ಕಂಬಕ್ಕೆ ಬೆನ್ನು ಕೊಟ್ಟು ಕೂತಿದ್ದಾನೆ.

ಅಕ್ಕ: ನಿದ್ದಿ ಆತೇನಪಾ? ರಾತ್ರಿ ಎಮ್ಮಿ ನೋಡಾಕ ಎದ್ದಾಗ ನಿನ್ನನ್ನೂ ಹಣಿಕಿ ಹಾಕಿ ನೋಡಿದ್ನಿ. ಬಾಯಿ ತಕ್ಕೊಂಡು ಮಲಗಿದ್ದಿ, ನಿಪ್ಪಾಣ್ಯಾಗ ಸಣ್ಣಾವ ಇದ್ದಾಗ ಮಲಗತಿದ್ದೆಲ್ಲ, ಹಂಗ.

ತಮ್ಮ: ಹತ್ತು ತಾಸು ಮಲಗೇನಿ ಅಕ್ಕಾ. ಅಲ್ಲೆ ಐದಾರು ತಾಸು ನಿದ್ದಿ ಹತ್ತಿದ್ರ ಅದ ದೊಡ್ಡದು. ಇಲ್ಲೆ ಎಷ್ಟು ಶಾಂತ ಐತಿ!

ಅಕ್ಕ: ಶಾಂತ ಎಲ್ಲೈತೋ? ರಾತ್ರಿಯೆಲ್ಲಾ ಕಬ್ಬಿನ ಟ್ರ್ಯಾಕ್ಟರ್ ಹೋಗ್ಯಾವ. ಎರಡೆರಡು ಟ್ರೇಲರ್ ಕಟಗೊಂಡು, ಹಾಡು ಹಚ್ಚಕೊಂಡು. ಮೂರು ಗಂಟೆ ಸುಮಾರಿಗೆ ಒಂದು ನಮ್ಮ ತಿರುವಿನಾಗ ಸಿಕ್ಕ ಬಿದ್ದು ಅರ್ಧಾ ತಾಸು ಒದರಾಡ್ತು. ನಿನಗ ಕೇಳಲಿಲ್ಲ?

ತಮ್ಮ: ಕಿವಿಗೆ ಬಿದ್ದಿರಬೇಕು. ಆದ್ರ ಅದು ನನ್ನನ್ನ ಕರಿಯಾಕ ಬಂದ ಸಪ್ಪಳ ಅಲ್ಲಲ್ಲ. ಅಲ್ಲೆ ಫೋನ್ ಒಂದು ಸಲ ಸಣ್ಣಗ ಕುಂಯ್ ಅಂದ್ರ ಸಾಕು, ಎದ್ದು ಕೂಡ್ತೇನಿ.

ಅಕ್ಕ: ಹಂಗಂದ್ರ ನನ್ನ ಪಾಲಿಗೆ ಆ ಟ್ರ್ಯಾಕ್ಟರ್ ಐತಿ ನೋಡು. ನಮ್ಮ ಕಬ್ಬು ಇನ್ನೂ ಹೊಲದಾಗ ನಿಂತೈತಿ. ತುರಾಯಿ ಬಂದು ಆತು. ಇನ್ನ ತಡಾ ಆದ್ರ ತೂಕ ಇಳೀತೈತಿ. ಕಬ್ಬು ಕಡಿಯೂ ಟೋಳಿಯವರು ಇವತ್ತ ಬರ್ತೇವಿ, ನಾಳೆ ಬರ್ತೇವಿ ಅಂತಾರ. ಗಾಡಿ ಸಪ್ಪಳ ಆದಾಗೆಲ್ಲಾ ನಮ್ಮ ಪಾಳಿ ಬಂತೇನ ಅಂತ ಎಚ್ಚರ ಆಗತೈತಿ. ಊರು ಶಾಂತ ಅನಸೂದು ಊರಾಗ ದಗದ ಇಲ್ಲದವರಿಗೆ. ತಪ್ಪ ತಿಳಕೋಬ್ಯಾಡ. ನೀ ಮಲಗಿದ್ದು ನೋಡಿ ನನಗ ಭಾಳ ಸಮಾಧಾನ ಆತು.

ತಮ್ಮ: ತಪ್ಪ ಯಾಕ ತಿಳಕೊಳ್ಳಲಿ. ನಿಜಾನ ಐತಿ.

ಅಕ್ಕ: ಚಟ್ನಿ ಹಚ್ಚಕೋ. ಶೇಂಗಾದ್ದು ನಿನ್ನೆ ಕುಟ್ಟೇನಿ. ಎಣಗಾಯಿ ಬಿಸಿ ಐತಿ. ಮೊಸರು ಆಮ್ಯಾಲ ಹಾಕ್ತೇನಿ. ಅಲ್ಲಾ, ಅಲ್ಲೇನು ಸೂಟಿ ಇರೂದಿಲ್ಲೇನು? ವಾರಕ್ಕ ಎರಡು ದಿವಸ ಅಂತಿದ್ದಿ.

ತಮ್ಮ: ಇರ್ತಾವ. ಶನಿವಾರ ಸಾಮಾನು ತರೂದು, ಬಟ್ಟಿ ಒಗಿಯೂದು. ರವಿವಾರ ಪೂರಾ ಬಂದ್. ಅಂಗಡಿ ತಗಿಯೂ ಹಂಗಿಲ್ಲ, ಕಾಯ್ದೇನ ಐತಿ. ಒಬ್ಬ ಸರಕಾರದವನು ಮನಸಿಗೆ ಬಂದು ಮಾಡಿದ ಕಾಯ್ದೆ ಅಲ್ಲದು. 1919ರ ವೈಮಾರ್ ಸಂವಿಧಾನದಾಗ 139ನೇ ಕಲಮು ಅಂತ ಇತ್ತು. ರವಿವಾರ ಅಂದ್ರ ದುಡಿಮಿ ಬಿಟ್ಟು ವಿಶ್ರಾಂತಿ ತಗೊಳ್ಳೂ ದಿವಸ, ಅದನ್ನ ಕಾಯ್ದೆ ಕಾಪಾಡಬೇಕು ಅಂತ. 1949ರಾಗ ಹೊಸಾ ಸಂವಿಧಾನ ಬರದಾಗ ಆ ಕಲಮನ್ನ ಹಂಗಂದ ಹಂಗ ಉಳಿಸಿಕೊಂಡ್ರು. ಬರ್ಲಿನ್ ಸರಕಾರ ಕ್ರಿಸ್‌ಮಸ್ ಮುಂದಿನ ನಾಕೂ ರವಿವಾರ ಅಂಗಡಿ ತಗಿಯಾಕ ಬಿಟ್ಟಿತ್ತು. 2009ರಾಗ ಅಲ್ಲಿನ ದೊಡ್ಡ ಕೋರ್ಟು ಹಂಗ ಬಿಡೂದು ಸರಿಯಲ್ಲ ಅಂತು.

ಅಕ್ಕ: ಛಲೋ ಕಾಯ್ದೆ ಅಲ್ಲೇನು! ಅಂಗಡ್ಯಾಗ ನಿಂತು ದುಡಿಯೂ ಹೆಣ್ಣಮಕ್ಕಳೂ ಒಂದು ದಿವಸ ಮನ್ಯಾಗ ಕೂಡ್ತಾರ.

ತಮ್ಮ: ಕೂಡ್ತಾರ. ನನಗೂ ಆ ಕಾಯ್ದೆ ಭಾಳ ಸೇರಿತು. ರವಿವಾರ ನಾ ಎಷ್ಟೋ ಸಲ ಕಾಲ್ವ್ ಅಂತ ಒಂದು ಸಣ್ಣ ಊರಿಗೆ ಹೋಗ್ತೇನಿ. ಸ್ಟುಟ್‌ಗಾರ್ಟಿಂದ ವೈಲ್ ಡೆರ್ ಸ್ಟಾಟ್ ತನಕಾ ರೈಲು. ಆ ಊರಾಗ 1571ರಾಗ ಕೆಪ್ಲರ್ ಹುಟ್ಟಿದ. ಗ್ರಹಗಳು ಸೂರ್ಯನ ಸುತ್ತ ಹೆಂಗ ತಿರಗತಾವ ಅಂತ ಲೆಕ್ಕಾ ಹಾಕಿ ಹೇಳಿದಾಂವ. ಅಲ್ಲಿಂದ ಮುಂದ ಕಾಲ್ವ್. ನಾಗೋಲ್ಡ್ ಅಂತ ನಮ್ಮ ವೇದಗಂಗಾಕ್ಕಿಂತ ಸಣ್ಣ ಹೊಳಿ, ಎರಡೂ ಕಡೆ ಗುಡ್ಡ, ಕಪ್ಪನ್ನ ಕಾಡು. ಹರ್ಮನ್ ಹೆಸ್ಸೆ ಅನ್ನೂ ಲೇಖಕ ಅಲ್ಲೆ ಹುಟ್ಟಿದ, 1877ರಾಗ. ಅವನ ತಾಯಿಯ ಅಪ್ಪ ಗುಂಡರ್ಟ್. ನಮ್ಮ ಕಿಟ್ಟೆಲ್ ಕನ್ನಡಕ್ಕ ಕೋಶ ಮಾಡಿದಂಗ ಮಲಯಾಳಕ್ಕ ಕೋಶ ಮಾಡಿದ ಗುಂಡರ್ಟ್. 1893ರಾಗ ಆ ಊರಾಗ ತೀರಿಕೊಂಡ.

ಅಕ್ಕ: ಕಿಟ್ಟೆಲ್ಲರ ಊರೂ ಅಲ್ಲೆ ಏನು?

ತಮ್ಮ: ಹುಟ್ಟಿದ್ದು ಬ್ಯಾರೆ ಕಡೆ. ಸತ್ತಿದ್ದು ಟ್ಯೂಬಿಂಗೆನ್‌ದಾಗ, 1903ರಾಗ. ಅದೂ ನಮ್ಮಿಂದ ತಾಸೊತ್ತಿನ ಹಾದಿ. ಒಂದು ಸಲ ಅಲ್ಲೆ ಹೋಗಿ ಹೊಳಿ ದಂಡಿ ಮ್ಯಾಲ ಕೂತಿದ್ನಿ. ಕಡೀಗಾಲಕ್ಕ ಈ ಊರಾಗ ಇದ್ದಾಗ ಅವರ ಕೂಡ ಕನ್ನಡಾ ಮಾತಾಡಾಕ ಯಾರರ ಇದ್ದರೇನು ಅಂತ ಅನಿಸಿತು. ಎಪ್ಪತ್ತು ಸಾವಿರ ಶಬ್ದ ಕೂಡಿಸಿದ ಮನಷ್ಯಾ. ಅಷ್ಟೂ ಶಬ್ದ ತಲ್ಯಾಗ ಇಟಗೊಂಡು ಯಾರ ಜೋಡಿ ಮಾತಾಡಿರಬೇಕು?

ಅಕ್ಕ: ನೀ ಯಾರ ಜೋಡಿ ಮಾತಾಡ್ತೀ?

ತಮ್ಮ: ಆಫೀಸಿನಾಗ ಜರ್ಮನ್, ಇಂಗ್ಲಿಷು. ಬೆಂಗಳೂರು ಮೈಸೂರು ಕಡೆಯವರು ಅದಾರ, ಯುಗಾದಿಗೆ ರಾಜ್ಯೋತ್ಸವಕ್ಕ ಕೂಡ್ತೇವಿ. ಭಾಳ ಛಲೋ ಜನ. ಆದ್ರ ಅವರ ಮುಂದ ನಾ ‘ಇದೆ, ಇಲ್ಲ, ಹೋಗ್ತೀನಿ’ ಅಂತ ಬಾಯಿ ತಿದ್ದಿಕೊಂಡು ಮಾತಾಡ್ತೇನಿ. ನಿನ್ನೆ ಕುಡಚಿ ಸ್ಟೇಷನ್ನಿಗೆ ಇಳಿದ್ನೆಲ್ಲ, ಟಂಟಂದವ ಬಂದು ‘ಎಲ್ಲಿಗಿ ಹೋಗಾವ್ರಿ ಸಾಹೇಬ್ರ?’ ಅಂದ. ‘ಯಡೂರಿಗ್ರಿ’ ಅಂದ್ನಿ. ಒಂದ ಶಬ್ದ. ಅಷ್ಟಕ್ಕ ನಾಲಿಗಿ ಕೊಳ್ಳ ಹರದಂಗ ಆತು ಅಕ್ಕಾ. ಹೊಲಾ ಹೊಡದ ಬಂದ ಎತ್ತಿನ ನೊಗಾ ಕೆಳಗಿಳಿಸಿ, ಕೊಳ್ಳಿನ ಜೊತಗಿ ಬಿಚ್ಚಿದಾಗ ಅದು ಒಂದು ಸಲ ಮೈ ಝಾಡಿಸತೈತೆಲ್ಲ, ಹಂಗ.

ಅಕ್ಕ: ಕೊಳ್ಳ ಹರಿಯೂದು… ಈ ಮಾತ ಕೇಳಿ ಎಷ್ಟ ವರ್ಷ ಆತೋ. ನಮ್ಮನ್ಯಾಗ ಎತ್ತು ಹೋಗಿ ಎಂಟು ವರ್ಷ ಆತು.

ತಮ್ಮ: ನಿನ್ನೆ ಬಂದ ಕೂಡ್ಲೆ ನೋಡಿದ್ನಿ. ಎತ್ತ ಕಟ್ಟೂ ಜಾಗಾದಾಗ ಟ್ರ್ಯಾಕ್ಟರ್ ನಿಂತೈತಿ. ಗ್ವಾದಲಿ ಹಂಗ ಐತಿ.

ಅಕ್ಕ: ಗ್ವಾದಲಿ ಒಡಿಯಾಕ ನಿಮ್ಮ ಮಾಮಾನ ಬಿಡಲಿಲ್ಲ. ಕಟ್ಟಿಗಿ ತುಂಬೇನಿ ಅದರಾಗ. ನೋಡು, ಎತ್ತು ಇದ್ದಾಗ ಸೋಮವಾರ ಅನ್ನೂದು ಒಂದು ದಿವಸ ಇತ್ತು. ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡತಿದ್ದಿಲ್ಲ. ಬಸವಣ್ಣನ ವಾರ ಅದು. ಎಂಥಾ ಹಸಿ ಹೋಗೂ ಹೊತ್ತಿನಾಗೂ ನಮ್ಮ ಮಾವನವರು ಸೋಮವಾರ ಗಳೇ ಹೂಡಲಿಲ್ಲ. ಎತ್ತು ದುಡಿಯಲಿಲ್ಲ ಅಂದ್ರ ಗಂಡಸರಿಗೂ ಹೊಲದಾಗ ದೊಡ್ಡ ಕೆಲಸ ಇಲ್ಲ. ಮೈ ತೊಳದು, ಹಣಿಗೆ ಭಂಡಾರ ಹಚ್ಚಿ, ಮಧ್ಯಾನ ಎಲ್ಲಾರೂ ಮನ್ಯಾಗ ಕೂತ ಉಣತಿದ್ರು.

ತಮ್ಮ: ನಿಮ್ಮ ಸೋಮವಾರಕ್ಕ ಯಾವ ಸಂವಿಧಾನದ ಕಲಮೂ ಬೇಕಾಗಲಿಲ್ಲ.

ಅಕ್ಕ: ಕಾರ ಹುಣ್ಣಿವಿಗೆ ಅಂತೂ ಎತ್ತಿನ ಕೋಡಿಗೆ ಬಣ್ಣ, ಮೈಮ್ಯಾಲ ಝೂಲ. ಗಡಿ ಆಚೆ ಶಿರೋಳ ಕಡೆಯವರು ಇದಕ್ಕ ‘ಕರ್ನಾಟಕಿ ಬೆಂದೂರ’ ಅಂತಾರ. ಅವರ ಬೆಂದೂರ ಮುಂದಿನ ತಿಂಗಳು. ಸೀಮಿ ಮ್ಯಾಲ ಇದ್ದ ಮನ್ಯಾಗ ಸೊಸಿ ಈ ಕಡೆಯಾಕಿ, ಅತ್ತಿ ಆ ಕಡೆಯಾಕಿ ಆದ್ರ ಎತ್ತಿಗೆ ಎರಡು ಸಲ ಹೋಳಿಗಿ. ಈಗ ಟ್ರ್ಯಾಕ್ಟರಿಗೆ ಸೋಮವಾರ ಎಲ್ಲೈತಿ? ಡೀಸೆಲ್ ಹಾಕಿದ್ರ ಯಾವ ವಾರ ಆದ್ರೂ ಹೊಡೀತೈತಿ. ಬಾಡಿಗಿಗೆ ಹೋದ ರಾತ್ರಿ ಹನ್ನೊಂದಕ್ಕ ಬರ್ತಾರ ನಿಮ್ಮ ಮಾಮಾ. ಕಾರ್ಖಾನಿ ನಡಿಯೂ ನಾಕೈದು ತಿಂಗಳು ವಾರ ಅನ್ನೂದ ಗೊತ್ತಾಗೂದಿಲ್ಲ. ಕಡದ ಕಬ್ಬು ಅದ ದಿವಸ ನುರಸಬೇಕು, ಇಲ್ಲಂದ್ರ ಸಕ್ಕರಿ ಇಳೀತೈತಿ. ಬೀಡ ಜಿಲ್ಲಾದಿಂದ ಬಂದ ಟೋಳಿಯವರು ಚಕ್ಕಡಿ ಕಟಗೊಂಡು ಬರ್ತಾರಲ್ಲ, ಅವರ ಎತ್ತು ಸೋಮವಾರನೂ ಎಳೀತಾವ. ಅದನ್ನ ನೋಡಿದ್ರ ನನಗ ಹೊಟ್ಟ್ಯಾಗ ಒಂಥರಾ ಆಗತೈತಿ. ಅವರ ಮ್ಯಾಲ ಸಿಟ್ಟಲ್ಲ. ಮುಂಗಡ ಉಚಲ ತಗೊಂಡಾರ, ತೀರಿಸಬೇಕು. ಕೂಸು ಕಟಗೊಂಡ ಹೆಣ್ಣಮಕ್ಕಳು ಮುಂಜಾನೆ ನಾಕಕ್ಕ ಥಂಡ್ಯಾಗ ಕಬ್ಬಿನ ಸಾಲಿನಾಗ ಇರ್ತಾರ.

ತಮ್ಮ: ನಿನ್ನೆ ಬರೂ ಮುಂದ ನೋಡಿದ್ನಿ. ಕಬ್ಬಿನ ರವದಿ ಹೊಚ್ಚಿದ ಗುಡಸಲಾ, ಮುಂದ ಒಲಿ. ಕಾರಿನ ಕಿಟಕಿಯಿಂದ ನೋಡಿದ್ರ ಚಂದ ಕಾಣತೈತಿ. ಫೋಟೊ ತಗಿಯಾಕ ಫೋನ್ ಎತ್ತಿದ್ನಿ. ಆಮ್ಯಾಲ ಕೈ ಇಳಿಸಿದ್ನಿ.

ಅಕ್ಕ: ಇಳಿಸಿದ್ದು ಛಲೋ ಆತು.

ತಮ್ಮ: ನನಗ ಅನಸೂದು ಇದು. ಅಲ್ಲಿನ ಕಾಯ್ದೆ ರವಿವಾರ ನನ್ನ ಕೊಳ್ಳ ಹರೀತೈತಿ, ಖರೆ. ಆದ್ರ ಹರದ ಮ್ಯಾಲ ಎಲ್ಲಿಗಿ ಹೋಗಲಿ? ಗ್ವಾದಲಿ ಇಲ್ಲ. ಕಾಲ್ವ್ ಊರಿನ ಹೊಳಿ ದಂಡಿಗೆ ಕೂಡ್ತೇನಿ, ಕಾಫಿ ಕುಡೀತೇನಿ, ಹಿತಾ ಅನಸತೈತಿ. ಆದ್ರ ಅಲ್ಲಿನ ಒಂದು ಬಾಗಲಾನೂ ನಾ ಬಂದ್ನೇನು ಅಂತ ನೋಡೂದಿಲ್ಲ. ಸಂಜಿಮುಂದ ತಿರಗಿ ರೈಲು ಹತ್ತೂ ತನಕಾ ನಾನ ನನ್ನನ್ನ ಹಿಡಕೊಂಡು ತಿರಗಬೇಕು. ಇಲ್ಲೆ ಹಂಗಲ್ಲ. ಮೇವು ಮೊದಲ ಹಾಕಿರ್ತೈತಿ. ಚಟ್ನಿ ನಿನ್ನೆನ ಕುಟ್ಟಿರ್ತಿ. ಹಾಸಗಿ ಬಿಸಲಿಗೆ ಹಾಕಿ ತಗದಿರ್ತಿ. ನಾ ಇಲ್ಲೆ ಏನೂ ಆಗಬೇಕಾಗಿಲ್ಲ. ಅದ ನನಗ ಬೇಕಾಗಿತ್ತು.

ಅಕ್ಕ: ಹಂಗ ಆಗಲಿ ಅಂತನ ಹಾಕಿದ್ನಿ. ಇನ್ನೊಂದು ರೊಟ್ಟಿ ತಗೋ.

ತಮ್ಮ: ಆದ್ರ ಅಕ್ಕಾ, ನಿನ್ನ ಕೊಳ್ಳ ಯಾರು ಹರೀತಾರ?

ಅಕ್ಕ: ನನಗೇನ ಆಗೇತಿ? ಅವ್ವನ ಮುಂದ ನನ್ನ ದಗದ ಎಷ್ಟರದು? ನೀ ಮರತಿ ಏನು, ನಿಪ್ಪಾಣ್ಯಾಗ ನಮ್ಮ ಮನಿ ಕಟ್ಟಿ ಮ್ಯಾಲ ಅವ್ವ ಮರ ತೊಡಿ ಮ್ಯಾಲ ಇಟಗೊಂಡು ಬೀಡಿ ಕಟ್ಟೂದು? ಸಾವಿರ ಬೀಡಿಗೆ ಇಷ್ಟು ಅಂತ ಕೂಲಿ. ಕೈ ನಿಂತ್ರ ಲೆಕ್ಕಾ ನಿಂತಂಗ. ಮಾತಾಡೂದು ಕೈ ಆಡಸಕೋಂತನ, ನಗೂದೂ ಕೈ ಆಡಸಕೋಂತನ. ರವಿವಾರ ನಮಗ ಸಾಲಿ ಇರತಿದ್ದಿಲ್ಲಲ್ಲ, ಎಲಿ ಕತ್ತರಿಸಾಕ ಕೂಡಸತಿದ್ಲು. ಅವ್ವಗ ಆ ದಿವಸ ಇನ್ನೂರು ಬೀಡಿ ಹೆಚ್ಚ ಆಗತಿದ್ದು.

ತಮ್ಮ: ನನಗ ತಂಬಾಕಿನ ವಖಾರಿ ವಾಸನಿ ನೆನಪೈತಿ. ಮಳಿ ಬಂದ ಮ್ಯಾಲ ಇಡೀ ಓಣಿಗೆ ಬರತಿತ್ತು. ಅಲ್ಲೆ ಯಾರರ ಹೊರಗ ನಿಂತು ಸಿಗರೇಟಿನ ತಂಬಾಕ ಉರಳಿಸಿಕೊಳ್ಳಾಕತ್ರ ನಾ ಸುಮ್ಮ ನಿಂತ ಬಿಡ್ತೇನಿ. ಕೆಟ್ಟ ಚಟಾ ಅಂತ ಗೊತ್ತೈತಿ, ಆದ್ರ ಮೂಗು ಅವ್ವನ ಸೆರಗಿಗೆ ಹೋಗತೈತಿ.

ಅಕ್ಕ: ಅವ್ವ ಒಂದ ಸಲ ಸೂಟಿ ಮಾಡಿದ್ಲು. ನಮ್ಮಿಬ್ರನ್ನ ಕರಕೊಂಡು ಅಥಣಿ ಗಚ್ಚಿನಮಠಕ್ಕ ಹೋಗಿದ್ಲು. ನಿನಗ ಆರು ವರ್ಷ ಇರಬೇಕು.

ತಮ್ಮ: ಅದಕ್ಕ ನಿನ್ನೆ ಮೊದಲ ಅಲ್ಲಿಗಿ ಹೋದ್ನಿ. ಮುರುಘೇಂದ್ರ ಶಿವಯೋಗಿಗಳು ಇದ್ದ ಜಾಗ. 1836ರಾಗ ಹುಟ್ಟಿ 1921ರ ತನಕಾ ಬದುಕಿದವರು, ಆ ಮಠದಾಗ ಎಷ್ಟ ವರ್ಷ ಕುಂತಿದ್ರೋ. ಅರ್ಧಾ ತಾಸು ಸುಮ್ಮನ ಕೂತ್ನಿ. ಅವ್ವ ಎಲ್ಲೆ ಕೂತಿದ್ಲು ಅಂತ ನೆನಪ ಮಾಡಿಕೊಳ್ಳಾಕ ನೋಡಿದ್ನಿ. ಬರಲಿಲ್ಲ. ಆಕಿ ಕೈ ನೆನಪ ಬಂತು. ಅವತ್ತು ಆಕಿ ಎರಡೂ ಕೈ ತೊಡಿ ಮ್ಯಾಲ ಸುಮ್ಮನ ಇಟಗೊಂಡಿದ್ಲು. ಹಂಗ ಇಟಗೊಂಡಿದ್ದು ನಾ ಮತ್ತ ಯಾವತ್ತೂ ನೋಡಿಲ್ಲ.

ಅಕ್ಕ: ನೀ ಆ ದೇಶದಾಗ ಕೂತ ಇಂಥಾವೆಲ್ಲಾ ನೆನಸಿಕೊಂಡ್ರ ನಿದ್ದಿ ಹೆಂಗ ಬರಬೇಕೋ?

ತಮ್ಮ: ನಿದ್ದಿ ಹೋಗಿದ್ದು 2019ರಿಂದ. ಆಗಸ್ಟ್ ತಿಂಗಳು. ಅಲ್ಲೆ ಬ್ಯಾಸಗಿ, ಎಲ್ಲಾರೂ ಕೆರಿ ದಂಡಿಗೆ ಹೋಗಿ ಬಿಸಲಿಗೆ ಮೈ ಒಡ್ಡಿ ಮಲಗಿದ್ರು. ನನ್ನ ಫೋನಿನಾಗ ನಿಮ್ಮ ತೋಟದ ಫೋಟೊ. ಕಬ್ಬಿನ ತುದಿ ಅಷ್ಟ ಕಾಣತಿತ್ತು. ಆಮ್ಯಾಲ ಎರಡು ದಿವಸ ನಿನ್ನ ಫೋನ್ ಬಂದ್.

ಅಕ್ಕ: ಕರೆಂಟ್ ಇರಲಿಲ್ಲ, ಚಾರ್ಜ್ ಎಲ್ಲಿ ಮಾಡಬೇಕು? 2005ರಾಗೂ ಬಂದಿತ್ತು ಹೊಳಿ, ಆದ್ರ 19ರಾಗ ಬಂದಂಗ ಅಲ್ಲ. ಮೊದಲ ಕಲ್ಲೋಳ–ಯಡೂರ ಬ್ಯಾರೇಜ್ ಮುಳಗತೈತಿ, ಅದು ವರ್ಷಾ ಮುಳಗೂದ. ಕೋಯ್ನಾದಾಗ ಮಳಿ ಜೋರ ಆತು, ನೀರು ಬಿಟ್ರು ಅಂದ ಮ್ಯಾಲ ನಾವು ಗಂಟು ಕಟ್ಟಾಕ ಸುರು ಮಾಡಿದ್ವಿ. ಎಮ್ಮಿ ಹೊಡಕೊಂಡು ಎತ್ತರದ ಊರಿನ ಸಾಲಿಗೆ ಹೋದ್ವಿ. ಹದಿಮೂರು ದಿವಸ. ಅಲ್ಲೆ ಒಲಿ ಹಚ್ಚೂ ಕೆಲಸ ಇಲ್ಲ, ಕಸಾ ಹೊಡಿಯೂದಿಲ್ಲ, ದೊಡ್ಡ ಹಂಡೇದಾಗ ಅನ್ನ ಸಾರು ಮಾಡಿ ಹಾಕತಿದ್ರು. ನನ್ನ ಜನ್ಮದಾಗ ಅಷ್ಟು ದಿವಸ ಒಲಿ ಮುಂದ ಕೂಡದ ಇದ್ದಿದ್ದು ಅದ ಒಂದ ಸಲ. ಎಷ್ಟ ಸಂಕಟ ಆಗಿತ್ತಂತಿ! ಮನಿ ನೀರಾಗ ಇದ್ರ ಕೈ ಖಾಲಿ ಇಡೂದು ಸೂಟಿ ಅಲ್ಲೋ ತಮ್ಮಾ. 21ರಾಗ ಮತ್ತ ಬಂತು. ಆವಾಗ ನಾನ ಅಡಗಿ ಮಾಡೂ ಹೆಣ್ಣಮಕ್ಕಳ ಜೋಡಿ ಹೋಗಿ ನಿಂತ್ನಿ, ಉಳ್ಳಾಗಡ್ಡಿ ಹೆಚ್ಚಾಕ. ಜೀವಕ್ಕ ಹಗರ ಆತು.

ತಮ್ಮ: ಇದನ್ನ ನೀ ನನಗ ಫೋನಿನಾಗ ಹೇಳಲೇ ಇಲ್ಲ.

ಅಕ್ಕ: ಫೋನಿನಾಗ ‘ಅರಾಮ ಅದೇವಿ’ ಅನ್ನೂದ. ನಮಗ ಮಧ್ಯಾನ ಆದ್ರ ನಿಮಗ ಮುಂಜಾನೆ, ಮೂರೂವರೆ–ನಾಕೂವರೆ ತಾಸು ಹಿಂದ. ನೀ ಆಫೀಸಿಗೆ ಹೊಂಟಿರ್ತಿ. ಆವಾಗ ಹೇಳೂ ಮಾತೇನು ಇದು? ನೀ ಬಂದು ಹಿಂಗ ಕಂಬಕ್ಕ ಬೆನ್ನ ಕೊಟ್ಟು ಕೂತ್ರ ಬರ್ತಾವ ಇಂಥಾ ಮಾತು. ಖರೆ ಹೇಳ್ಲೇನು? ನೀ ಬಂದ್ರ ನನಗ ಹ್ವಾರೆ ಹೆಚ್ಚ ಆಗತೈತಿ. ಆದ್ರ ಎರಡು ದಿವಸ ಯಾರೋ ಒಬ್ರು ನನ್ನ ಮಾತು ಕೇಳಾಕ ಕೂತಿರ್ತಾರಲ್ಲ, ಅದರಾಗ ನಂದೂ ಸೂಟಿ ಆಗತೈತಿ.

ತಮ್ಮ: ಚೀಲದಾಗ ಒಂದು ಸಾಮಾನೈತಿ, ತಾಳು. ನೋಡು. ಅಥಣ್ಯಾಗ ನಿನ್ನ ಅಳತಿಗೆ ಚಪ್ಪಲಿ ತಂದ್ನಿ.

ಅಕ್ಕ: ಅಯ್ಯ, ಇದು ಮಷೀನಿಂದಲ್ಲ, ಕೈಲೆ ಮಾಡಿದ್ದು. ವಾಸನಿ ನೋಡಿದ್ರ ಗೊತ್ತಾಗತೈತಿ, ಜಾಲಿ ತೊಗಟಿ ಹಾಕಿ ಹದಾ ಮಾಡಿದ ಚರ್ಮ.

ತಮ್ಮ: ಹೌದು. ಒಂದು ಮೊಳಿ ಇಲ್ಲ, ಚರ್ಮದ ದಾರಲೆ ಹೊಲದಾರ. ಇದನ್ನ ಮಾಡಿದವರ ಮನ್ಯಾಗ ತಳಾ ಕೊಯ್ಯೂದು ಗಂಡಸರು, ಮ್ಯಾಲಿನ ಈ ಸಣ್ಣ ಹೆಣಿಕಿ ಹೆಣಿಯೂದು ಹೆಣ್ಣಮಕ್ಕಳು. ಕೊಲ್ಹಾಪುರಿ ಅಂತ ಹೆಸರಾದ್ರೂ ನಮ್ಮ ಅಥಣಿ, ಮದಭಾವಿ, ನಿಪ್ಪಾಣಿಯವರ ಕೈ ಇದರಾಗ ಎಷ್ಟೈತಿ! 2019ರಾಗ ಭೌಗೋಳಿಕ ಗುರುತಿನ ಪಟ್ಟಿ ಬಂತಲ್ಲ, ಅದು ಮಹಾರಾಷ್ಟ್ರದ ನಾಕು ಜಿಲ್ಲಾ, ನಮ್ಮ ಬೆಳಗಾವಿ, ಬಾಗಲಕೋಟಿ, ಧಾರವಾಡ, ವಿಜಯಪುರ ನಾಕು ಜಿಲ್ಲಾಕ್ಕ ಕೂಡೇ ಸಿಕ್ಕಿದ್ದು. 2025ರ ಜೂನ್ ತಿಂಗಳಾಗ ಮಿಲಾನ್‌ದಾಗ ಪ್ರಾಡಾ ಅನ್ನೂ ದೊಡ್ಡ ಕಂಪನಿ ಇಂಥದ್ದ ಚಪ್ಪಲಿ ವೇದಿಕೆ ಮ್ಯಾಲ ತೋರಿಸಿತು, ಇವರ ಹೆಸರು ಹೇಳಲಿಲ್ಲ. ಭಾಳ ಮಂದಿ ಎದ್ದು ಕೇಳಿದ ಮ್ಯಾಲ ಒಪ್ಪಿಕೊಂಡ್ರು. ನನ್ನ ಆಫೀಸಿನಾಗ ಆ ಸುದ್ದಿ ಬಂದಾಗ ನಾ ಎದ್ದು ನಿಂತು ಇದು ನನ್ನ ಅಕ್ಕನ ಸೀಮಿದು ಅಂತ ಹ್ಯಾಂಗ ಹೇಳಿದ್ನಿ ಗೊತ್ತೇನು!

ಅಕ್ಕ: ಹೊಸಾವು ಕಚ್ಚತಾವ. ಒಂದು ರಾತ್ರಿ ಎಣ್ಣಿ ಹಚ್ಚಿ ಇಡಬೇಕು. ಇಷ್ಟ ಚಂದದ್ದು ಹಾಕ್ಕೊಂಡು ನಾ ಎಲ್ಲಿ ಹೋಗಲಿ, ಎಮ್ಮಿ ಹಂತ್ಯಾಕ?

ತಮ್ಮ: ಖಿದ್ರಾಪುರಕ್ಕ. ನಾಳೆ.

ಅಕ್ಕ: ನಾಳೆ? ನಿನ್ನ ಗಾಡಿ ಇವತ್ತ ರಾತ್ರಿದಲ್ಲೇನು?

ತಮ್ಮ: ನಾಳೆ ರಾತ್ರಿಗೆ ಮಾಡೇನಿ, ಎದ್ದ ಕೂಡ್ಲೆ. ಆಫೀಸಿಗೆ ಒಂದು ದಿವಸ ರಜಾ ಬರದು ಕಳಿಸೇನಿ. ನಾಳೆ ಸೋಮವಾರ. ನೀ ಅಲ್ಲಿಗಿ ಹೋಗಿ ಎಷ್ಟ ವರ್ಷ ಆತು?

ಅಕ್ಕ: ಮದುವಿ ಆದ ವರ್ಷ ನಿಮ್ಮ ಮಾಮಾ ಗಾಡಿ ಮ್ಯಾಲ ಕರಕೊಂಡ ಹೋಗಿದ್ರು. ಇಪ್ಪತ್ತಾರು ವರ್ಷ. ಆ ದುಂಡನ್ನ ಮಂಟಪ ನೆನಪೈತಿ. ನಲವತ್ತೆಂಟು ಕಂಬ, ನಡುವ ಮ್ಯಾಲ ಏನೂ ಇಲ್ಲ, ಆಕಾಶ. ನಾ ಅದರ ಕೆಳಗಿನ ದುಂಡನ್ನ ಕಲ್ಲಿನ ಮ್ಯಾಲ ನಿಂತು ಮ್ಯಾಲ ನೋಡಿದ್ನಿ. ಒಂದು ಹದ್ದು ಹಾಯ್ದ ಹೋತು.

ತಮ್ಮ: ಸ್ವರ್ಗಮಂಟಪ. ಶಿಲಾಹಾರರ ಕಾಲದ್ದು, ಹನ್ನೆರಡನೇ ಶತಮಾನ. ಇವತ್ತ ಆ ಊರು ಮಹಾರಾಷ್ಟ್ರದಾಗ ಐತಿ, ಆದ್ರ ಗುಡ್ಯಾಗ ಹಳಗನ್ನಡದ ಶಾಸನ ಅದಾವ. ಓದಿ ತೋರಸ್ತೇನಿ, ನನಗ ತಿಳಿದಷ್ಟು.

ಅಕ್ಕ: ಅಲ್ಲಿ ಈಶ್ವರನ ಮುಂದ ನಂದಿ ಇಲ್ಲ, ಗೊತ್ತೈತೇನು? ನಮ್ಮತ್ತಿ ಹೇಳತಿದ್ರು. ದಕ್ಷನ ಯಜ್ಞ ಆಗಿದ್ದು ನಮ್ಮ ಈ ಯಡೂರಾಗ. ಸತಿ ತವರಮನಿಗೆ ಬರೂ ಮುಂದ ನಂದಿ ಮ್ಯಾಲ ಕೂತ ಬಂದ್ಲು, ತಿರಗಿ ಹೋಗಲಿಲ್ಲ. ಅದಕ್ಕ ಅಲ್ಲಿ ಸ್ವಾಮಿ ಕೋಪೇಶ್ವರ, ನಂದಿ ಇಲ್ಲದ ಒಬ್ಬನ. ಇಲ್ಲಿ ವೀರಭದ್ರ, ಇಲ್ಲೆ ನಂದಿ. ಹೊಳಿ ಗುಂಟ ಒಂದ ಕತಿ, ಎರಡು ರಾಜ್ಯದಾಗ. ನಾ ಸೊಸಿಯಾಗಿ ಬಂದಾಗ ಈ ಕತಿ ಕೇಳಿ ಅತ್ತಿದ್ನಿ. ತವರಿಗೆ ಬಂದಾಕಿ ತಿರಗಿ ಹೋಗಲಿಲ್ಲ ಅಂದ್ರ ಹೆಂಗ ಅಂತ. ಈಗ ನೋಡಿದ್ರ ನನಗ ಆ ನಂದಿಯ ಚಿಂತಿ. ಇಳಿಸಿದಾಕಿ ಬರ್ತಾಳಂತ ಇನ್ನೂ ಕಾಯಾಕತ್ತೈತೇನೋ.

ತಮ್ಮ: ನಾಳೆ ಮುಂಜಾನೆ ಒಂಬತ್ತಕ್ಕ ಹೊಂಡೋಣು. ಗಾಡಿ ಹೇಳೇನಿ. ಎಮ್ಮಿ ಮಾಮಾ ನೋಡ್ಲಿ.

ಅಕ್ಕ: ಮಾಮಾಗ ಅದು ಹಾಲ ಇಳಿಸೂದಿಲ್ಲ. ನನ್ನ ಕೈ ರೂಢಿ ಅದಕ್ಕ. ಟೋಳಿಯವರು ನಾಳೆನ ಬಂದ್ರ? ಹದಿನೆಂಟು ಮಂದಿಗೆ ಚಾ ಯಾರು ಮಾಡ್ತಾರ?

ತಮ್ಮ: ಬಂದ್ರ ಮಾಮಾ ಫೋನ್ ಮಾಡ್ತಾರ. ಅರ್ಧಾ ಹಾದಿಯಿಂದ ತಿರಗಿ ಬರೋಣು. ಚಾ ನಾ ಮಾಡ್ತೇನಿ.

ಅಕ್ಕ: ನೀ ಮಾಡಿದ ಚಾ ಅವರು ಕುಡದಾರೇನು… ಆ ಎಣ್ಣಿ ಬಾಟ್ಲಿ ಇತ್ತ ಕೊಡು. ಒಳಗಿಂದ ಹಚ್ಚಬೇಕು, ಹೆಬ್ಬೆಟ್ಟಿನ ಉಂಗುರದಾಗ ಚಲೋತ್ನಂಗ. ಆದ್ರ ಒಂದ ಮಾತು ನೋಡು, ಹಾಲು ಹಿಂಡೂ ಹೊತ್ತಿಗೆ ಸಂಜಿ ಐದರೊಳಗ ನಾ ಮನ್ಯಾಗ ಇರಬೇಕು.

ತಮ್ಮ: ಐದರೊಳಗ.